ದುಂಡುಮಲ್ಲಿಗೆ ಗಿಡ ಸೊಂಪಾಗಿ ಬೆಳೆದರೂ ಹೂವು ಬಿಡದಿರಲು ಕಾರಣವೇನು?

ಎಲೆಗಳು ಹಚ್ಚಹಸಿರಾಗಿದ್ದು, ಉದ್ದುದ್ದ ಕುಡಿಗಳು ಚಾಚುತ್ತಿದ್ದರೂ ಮೊಗ್ಗು ಕಾಣದ ದುಂಡುಮಲ್ಲಿಗೆಗೆ ಬಹುಮಟ್ಟಿಗೆ ಬಿಸಿಲಿನ ಕೊರತೆಯೇ ಇರುತ್ತದೆ. ಅದಕ್ಕೆ ದಿನಕ್ಕೆ 5–6 ಗಂಟೆಯಾದರೂ ನೇರ ಬಿಸಿಲು ಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಉತ್ತರ ದಿಕ್ಕಿನ ಬಾಲ್ಕನಿಯಲ್ಲಿ ಅಷ್ಟು ಬಿಸಿಲು ಸಿಗದ ಕಾರಣ, ಗೊಬ್ಬರದ ಬಗ್ಗೆ ಯೋಚಿಸುವ ಮೊದಲು ಕುಂಡದ ಜಾಗವನ್ನೇ ಬದಲಿಸುವುದು ಒಳ್ಳೆಯದು.

ಬಿಸಿಲು ಸಾಕಷ್ಟಿದ್ದರೆ, ಗಿಡವನ್ನು ಸವರಿದ್ದೀರಾ, ಅಂದರೆ ಹಳೆಯ ಕಡ್ಡಿಗಳನ್ನು ಕತ್ತರಿಸಿದ್ದೀರಾ ಎಂಬುದು ಮುಖ್ಯ. ಮಲ್ಲಿಗೆಯ ಮೊಗ್ಗು ಮೂಡುವುದು ಹೊಸ ಚಿಗುರಿನಲ್ಲಿ. ಹಾಗಾಗಿ ಹಳೆಯ ಕಡ್ಡಿಗಳನ್ನು ಹಾಗೆಯೇ ಬಿಟ್ಟ ಗಿಡದಲ್ಲಿ ಹೂವು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಬಯಲುಸೀಮೆಯಲ್ಲಿ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ನೀರನ್ನು ಕಡಿಮೆ ಮಾಡಿ, ಬುಡದಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿ, ಒಣಗಿದ ಮತ್ತು ರೋಗ ತಗುಲಿದ ಕಡ್ಡಿಗಳನ್ನು ತೆಗೆದು, ಆಮೇಲೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಕೊಟ್ಟರೆ ಮಾರ್ಚ್ ಹೊತ್ತಿಗೆ ಮೊಗ್ಗು ಕಟ್ಟತೊಡಗುತ್ತದೆ. ಹೂವು ಕೊಯ್ದ ತುದಿಗಳನ್ನೂ ಆಗಾಗ ಚಿವುಟುತ್ತಿರಬೇಕು.

ಯೂರಿಯಾ ದಯವಿಟ್ಟು ಬೇಡ. ಅದರಲ್ಲಿರುವ ಸಾರಜನಕ ಹೆಚ್ಚಾದರೆ ಗಿಡ ಹೂವಿನ ಬದಲು ಎಲೆಯನ್ನೇ ಬೆಳೆಸುತ್ತದೆ. ಕುಂಡದ ಮಣ್ಣು ಮರಳು ಬೆರೆತ ಕೆಂಪುಮಣ್ಣಾಗಿದ್ದು, ತಳದ ತೂತಿನಿಂದ ನೀರು ಸಲೀಸಾಗಿ ಬಸಿದುಹೋಗುವಂತಿರಲಿ. ಬೇರಿನ ಬಳಿ ನೀರು ನಿಂತರೆ ಎಲೆ ಹಳದಿಯಾಗಿ ಮೊಗ್ಗು ಉದುರುತ್ತದೆ.