ಪಟ್ಟಿಯಲ್ಲಿ ಇಲ್ಲದ ಸೀಸ

ಅಂಕೋಲಾ ಕಡೆಯ ತಾಯಿಯೊಬ್ಬರು ಐದು ವರ್ಷದ ಮಗನನ್ನು ಕರೆದುಕೊಂಡು ನನ್ನ ಬಳಿ ಆಪ್ತಸಲಹೆಗೆ ಬಂದಿದ್ದರು. ಜೊತೆಗೆ ಅತ್ತೆ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಮಗು ಆಡಿಕೊಂಡೇ ಇತ್ತು. ಕಷ್ಟ ತಾಯಿಯದು: ರಾತ್ರಿ ನಿದ್ದೆ ಇಲ್ಲ, ಮಗ ಏನನ್ನಾದರೂ ಬಾಯಿಗಿಟ್ಟರೆ ಎದೆ ಡವಗುಟ್ಟುತ್ತದೆ, ಊಟದ ಹೊತ್ತಿಗೆ ಮನೆಯಲ್ಲಿ ದಿನಾ ಜಗಳ. ಕೈಯಲ್ಲೊಂದು ನೋಟ್‌ಬುಕ್. ಮಗನ ಮೈ ಸೇರಿರಬಹುದಾದ ರಾಸಾಯನಿಕಗಳನ್ನು ಅದರಲ್ಲಿ ನಂಬರು ಹಾಕಿ ಬರೆದಿದ್ದರು. ನೀರಿನ ಬಾಟಲಿ, ನಾನ್‌ಸ್ಟಿಕ್ ಕಾವಲಿ, ಸೊಳ್ಳೆಬತ್ತಿ, ಮೀನಿನ ಪಾದರಸ, ತರಕಾರಿಯ ಔಷಧಿ ಎಲ್ಲ ಸೇರಿ 31.

ಆನ್‌ಲೈನಿನಲ್ಲಿ ಹಣ ಕಟ್ಟಿ ಮಗನ ಕೂದಲನ್ನೂ ಪರೀಕ್ಷೆಗೆ ಕಳಿಸಿದ್ದರು. ಕೆಂಪು ಪಟ್ಟಿಗಳ ವರದಿ ಬಂದಿತ್ತು. ಅದರ ಹಿಂದೆಯೇ ‘ದೇಹಶುದ್ಧಿ’ ಪುಡಿ ಕೊಳ್ಳಿ ಎಂಬ ಕರೆಯೂ ಬಂದಿತ್ತು. ಪ್ಲಾಸ್ಟಿಕ್ ಡಬ್ಬಿಗಳೆಲ್ಲ ಗುಜರಿಗೆ ಹೋಗಿದ್ದವು. ನಾಲ್ಕು ತಿಂಗಳಿಂದ ಮಗುವಿಗೆ ಮೀನು ಬಂದ್. ಕಡಲ ಬದಿಯ ಮನೆಯಲ್ಲಿ ಐದು ವರ್ಷದ ಹುಡುಗ ಬರೀ ಗಂಜಿ, ತುಪ್ಪ ಉಣ್ಣುತ್ತಿದ್ದ.

“ಎಲ್ಲರೂ ಮೊಬೈಲ್ ನೋಡೂದು ಬಿಡು, ಸರಿ ಆಗ್ತದೆ ಅಂತಾರೆ” ಎಂದರು ಆ ತಾಯಿ. ನಾನು ಹಾಗೆ ಹೇಳಲಿಲ್ಲ. ಸಮಾಧಾನ ಹೇಳಿ ಕಳಿಸುವುದೇ ಆಪ್ತಸಲಹೆ ಎಂದು ತಿಳಿದವರು ಇದನ್ನು ಒಪ್ಪಲಿಕ್ಕಿಲ್ಲ. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕೂತು ತಾಯಿಯೊಬ್ಬಳಿಗೆ “ರಾಸಾಯನಿಕದ ಭಯ ಬರೀ ಭ್ರಮೆ” ಎನ್ನುವ ಹಕ್ಕು ಯಾರಿಗೂ ಇಲ್ಲ. ಗೇರು ತೋಪುಗಳಿಗೆ ಸುರಿದ ಕೀಟನಾಶಕ ಎಂಡೋಸಲ್ಫಾನ್‌ಗೆ ಸುಪ್ರೀಂ ಕೋರ್ಟಿನ ತಡೆ ಬಿದ್ದದ್ದು 2011ರಲ್ಲಿ. ಭಟ್ಕಳ, ಹೊನ್ನಾವರದ ಕಡೆ ಹಾಸಿಗೆ ಹಿಡಿದ ಮಕ್ಕಳನ್ನು ಎತ್ತಿ ಇಳಿಸುವ ತಾಯಂದಿರು ಅಷ್ಟು ವರ್ಷ ಹೇಳುತ್ತಲೇ ಬಂದಿದ್ದರು. ಈಕೆಯ ಭಯ ಸುಳ್ಳಲ್ಲ. 31 ಕಡೆ ಹಂಚಿಹೋದದ್ದರಿಂದ ಯಾವ ಕಡೆಯೂ ಕೆಲಸಕ್ಕೆ ಬರುತ್ತಿರಲಿಲ್ಲ, ಅಷ್ಟೇ.

ಮೊದಲ ಭೇಟಿಯಲ್ಲಿ ಆ ಪಟ್ಟಿಯನ್ನೇ ಮುಂದಿಟ್ಟುಕೊಂಡು ಮೂರು ಭಾಗ ಮಾಡಿದೆವು: ಮೈಯಿಂದ ಬೇಗ ಹೋಗುವಂಥದ್ದು, ಮೈಯಲ್ಲಿ ಕೂತುಬಿಡುವಂಥದ್ದು, ನಮ್ಮ ಕೈಲಿ ಇಲ್ಲದ್ದು. ಪ್ಲಾಸ್ಟಿಕ್ಕಿನ ಬಿಪಿಎ, ಥಾಲೇಟ್‌ಗಳು ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೊರಟುಹೋಗುತ್ತವೆ. ಬಿಸಿ ಅನ್ನ, ಬಿಸಿ ಸಾರು ಸ್ಟೀಲ್ ಡಬ್ಬಿಗೆ ಹಾಕಿದರೆ ಆ ಕಡೆಯ ಕೆಲಸ ಬಹುಪಾಲು ಮುಗಿಯಿತು. ಮೀನಿನ ಪಾದರಸ ಹೆಚ್ಚಿರುವುದು ಶಾರ್ಕ್‌ನಂಥ, ಬಹಳ ವರ್ಷ ಬದುಕಿ ಬೇರೆ ಮೀನು ತಿನ್ನುವ ದೊಡ್ಡ ಮೀನುಗಳಲ್ಲಿ. ಬಂಗಡೆ, ತಾರ್ಲೆಯಂಥ ಸಣ್ಣ ಮೀನುಗಳಲ್ಲಿ ಅದು ತೀರಾ ಕಡಿಮೆ. ಕೂದಲ ವರದಿಯನ್ನು ಬದಿಗಿಡಲು ಹೇಳಿದೆ. ಕೂದಲಿಗೆ ಹೊರಗಿನ ಧೂಳು, ಶಾಂಪೂ, ಉಪ್ಪುನೀರು ಎಲ್ಲ ಅಂಟುತ್ತದೆ. ಒಳಗಿನಿಂದ ಬಂದದ್ದೆಷ್ಟು, ಹೊರಗೆ ಕೂತದ್ದೆಷ್ಟು ಎಂದು ಅದು ಹೇಳಲಾರದು.

ಎರಡನೇ ಭೇಟಿಯಲ್ಲಿ ಒಂದೇ ಪ್ರಶ್ನೆ ಕೇಳಿದೆ: ಮನೆಯಲ್ಲಿ ಯಾರ್ಯಾರು ಏನು ಕೆಲಸ ಮಾಡುತ್ತಾರೆ, ಆ ಹೊತ್ತಿಗೆ ಮಗು ಎಲ್ಲಿರುತ್ತದೆ? ತಾಯಿ ಹೊಲಿಗೆಯ ವಿಷಯ ಹೇಳಿದರು, ಗಂಡ ಬೋಟಿಗೆ ಹೋಗುವುದನ್ನು ಹೇಳಿದರು. ಅಲ್ಲಿಯವರೆಗೆ ಬಾಯಿ ಬಿಡದೆ ಕೂತಿದ್ದ ಅತ್ತೆ ಆಗ ಹೇಳಿದರು: “ಅವ ಯಾವಾಗ್ಲೂ ಅಜ್ಜನ ಹತ್ರವೇ. ಬಲೆಗೆ ಹಾಕೂ ಸೀಸದ ಗುಂಡು ಎಣಿಸಿ ಎಣಿಸಿ ಕೊಡ್ತ. ಎರಡು ಕೈಲೂ ಹಿಡೀಲಿಕ್ಕಾಗ್ದೆ ಒಂದನ್ನ ಬಾಯಲ್ಲಿ ಇಟ್ಕಂಡು ಬರ್ತ.”

ತಾಯಿ ನೋಟ್‌ಬುಕ್ ಮುಚ್ಚಿದರು. ಆ 31ರಲ್ಲಿ ಸೀಸ ಇರಲಿಲ್ಲ.

ಅಜ್ಜ ಗಂಗಾವಳಿ ಅಳಿವೆಯಲ್ಲಿ ಬೀಸುಬಲೆ ಹಾಕುವವರು. ಬಲೆಯ ಅಂಚಿಗೆ ಕಟ್ಟುವ ಗುಂಡುಗಳನ್ನು ತಾವೇ ಎರಕ ಹೊಯ್ಯುತ್ತಾರೆ. ಸೀಸ ಕರಗಲು 327 ಡಿಗ್ರಿ ಸಾಕು, ಸೌದೆ ಒಲೆಯ ಕೆಂಡಕ್ಕೆ ಅದು ದೊಡ್ಡದಲ್ಲ. ಅವರು ಕರಗಿಸುತ್ತಿದ್ದದ್ದು ಬಚ್ಚಲೊಲೆಯಲ್ಲಿ, ಹಳೇ ಕಬ್ಬಿಣದ ಸೌಟಿನಲ್ಲಿ. ಮೇಲೆ ಕಟ್ಟುವ ಬೂದುಬಣ್ಣದ ಕೆನೆಯನ್ನು ಕಡ್ಡಿಯಿಂದ ತೆಗೆದು ಒಲೆಗೇ ತಟ್ಟುತ್ತಿದ್ದರು. ಮಾರನೇ ದಿನ ಅದೇ ಒಲೆಯ ಬೂದಿಯಿಂದ ಪಾತ್ರೆ ತಿಕ್ಕುವುದು. ಆ ಕೆನೆ ಸೀಸದ ಆಕ್ಸೈಡ್. ಒಣಗಿದರೆ ಹಿಟ್ಟಿನಂತೆ ಹಾರುತ್ತದೆ, ನೆಲಕ್ಕೆ ಕೂರುತ್ತದೆ, ಮಗುವಿನ ಬೆರಳಿಗೆ ಹತ್ತುತ್ತದೆ.

ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ಮೈ ಹತ್ತರಲ್ಲೊಂದು ಪಾಲು ಹೀರಿಕೊಂಡರೆ ಚಿಕ್ಕ ಮಕ್ಕಳ ಮೈ ಅರ್ಧದಷ್ಟು ಹೀರಿಕೊಳ್ಳಬಲ್ಲದು. ಕಬ್ಬಿಣಾಂಶ ಕಡಿಮೆಯಿದ್ದರೆ, ಹೊಟ್ಟೆ ಖಾಲಿಯಿದ್ದರೆ ಇನ್ನೂ ಹೆಚ್ಚು. ಹೀರಿದ್ದು ಎಲುಬಿನಲ್ಲಿ ವರ್ಷಗಟ್ಟಲೆ ಕೂರುತ್ತದೆ. ಹೊರಗಿನಿಂದ ಲಕ್ಷಣ ಕಾಣದೆಯೇ ಕಲಿಕೆಗೆ, ಗಮನಕ್ಕೆ ಪೆಟ್ಟು ಬೀಳುತ್ತದೆ. ಮೀನು ಬಿಡಿಸಿದ್ದರಿಂದ ಆದ ತೊಂದರೆ ಇಲ್ಲೇ: ಬರೀ ಗಂಜಿ, ತುಪ್ಪದ ಊಟದಲ್ಲಿ ಕಬ್ಬಿಣಾಂಶ ಕಡಿಮೆ. ಇದನ್ನು ಆ ತಾಯಿಗೆ ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿ, ಹೇಳಿದೆ. ಮುಚ್ಚಿಟ್ಟರೆ ಅವರು ಮೀನು ಮತ್ತೆ ಶುರು ಮಾಡುತ್ತಿರಲಿಲ್ಲ.

ಸಲಹೆ ಹೀಗಿತ್ತು. ಮಕ್ಕಳ ಡಾಕ್ಟರ ಚೀಟಿ ತೆಗೆದುಕೊಂಡು ರಕ್ತದ ಸೀಸ ಪರೀಕ್ಷೆ, ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಲೆಕ್ಕ). ರಕ್ತ ತೋಳಿನ ನರದಿಂದಲೇ ತೆಗೆಸಬೇಕು. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳು ಸೇರಿ ಸುಳ್ಳು ಲೆಕ್ಕ ಬರಬಹುದು. ಎರಕ ಬಚ್ಚಲಿನಿಂದ, ಮನೆಯಿಂದ ದೂರ, ಮಕ್ಕಳು ಬಾರದ ಕಡೆ ಆಗಬೇಕು. ಆಗದಿದ್ದರೆ ತಯಾರಾದ ಗುಂಡುಗಳನ್ನೇ ಕೊಳ್ಳಬೇಕು. ಆ ಸೌಟು ಇನ್ನು ಅಡುಗೆಮನೆಗೆ ಬರಕೂಡದು. ಒಲೆಯ ಬೂದಿಯನ್ನು ನೀರು ಚಿಮುಕಿಸಿ ಒದ್ದೆ ಮಾಡಿಯೇ ತೆಗೆಯಬೇಕು. ತರಕಾರಿ ಮಡಿಗೂ ಬೇಡ, ಪಾತ್ರೆಗೂ ಬೇಡ. ನೆಲಕ್ಕೆ ಒಣ ಪೊರಕೆ ಹಾಕಿದರೆ ಧೂಳು ಎದ್ದು ಮತ್ತೆ ಕೂರುತ್ತದೆ, ಹಾಗಾಗಿ ಸೋಪುನೀರಿನ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಬೇರೆ ನೀರಿನಲ್ಲಿ ಜಾಲಿಸುವುದು. ಗುಂಡುಗಳು ಮುಚ್ಚಳದ ಡಬ್ಬಿಯಲ್ಲಿ, ಮಗುವಿಗೆ ಎಟುಕದ ಎತ್ತರದಲ್ಲಿ. ಅಜ್ಜನಿಗೆ ಆ ಕೆಲಸಕ್ಕೇ ಒಂದು ಅಂಗಿ. ಅದನ್ನು ಬೇರೆ ಒಗೆದು, ಸ್ನಾನ ಮಾಡಿ, ಆಮೇಲೆ ಮೊಮ್ಮಗನನ್ನು ಎತ್ತಿಕೊಳ್ಳುವುದು. ಮಗುವಿಗೆ ಬೆಳಿಗ್ಗೆ ಎದ್ದ ಕೂಡಲೇ ಏನಾದರೂ ತಿನ್ನಲು ಕೊಡಬೇಕು. ಬಂಗಡೆ, ಮುಳ್ಳು ಮೆದುವಾಗುವಂತೆ ಬೇಯಿಸಿದ ತಾರ್ಲೆ, ರಾಗಿ, ಹರಿವೆ ಸೊಪ್ಪು, ಜೊತೆಗೆ ನೆಲ್ಲಿಕಾಯಿ ಅಥವಾ ಲಿಂಬೆ.

ದೇಹಶುದ್ಧಿ ಪುಡಿ ಬೇಡವೇ ಬೇಡ ಎಂದೆ. ಅದರಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿಲ್ಲ. ಕೆಲವು ಭಸ್ಮಗಳಲ್ಲಂತೂ ಸೀಸವೇ ಇರುತ್ತದೆ. ನಾಗಭಸ್ಮ ತಯಾರಾಗುವುದೇ ಸೀಸದಿಂದ. ರಕ್ತದಿಂದ ಸೀಸ ಎಳೆದು ತೆಗೆಯುವ ಔಷಧಿ ಇದೆ, ಆದರೆ ಸಾಮಾನ್ಯವಾಗಿ ಅದನ್ನು ಕೊಡುವುದು ಡೆಸಿಲೀಟರ್‌ಗೆ 45 ಮೈಕ್ರೋಗ್ರಾಂ ಮುಟ್ಟಿದಾಗ, ಅದೂ ಡಾಕ್ಟರ ಕಣ್ಗಾವಲಿನಲ್ಲಿ.

ವರದಿ ಬಂತು: ಡೆಸಿಲೀಟರ್‌ಗೆ 9 ಮೈಕ್ರೋಗ್ರಾಂ. ಫೆರಿಟಿನ್ ಕೆಳಗಿತ್ತು. ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ. 5 ಮುಟ್ಟಿದರೆ ಮೂಲ ಹುಡುಕಿ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ಮೂಲ ಆಗಲೇ ಸಿಕ್ಕಿತ್ತು.

ನನ್ನನ್ನು ಕಾಡಿದ್ದು ಅಜ್ಜ. ಮೂರನೇ ಭೇಟಿಗೆ ಅವರನ್ನೂ ಕರೆಸಿದ್ದೆ. ಸೀಸದ ಮಸಿ ಹಿಡಿದ ಬೆರಳುಗಳನ್ನು ತೊಡೆಯ ಮೇಲೆ ಮಗುಚಿಟ್ಟು, “ಹಂಗಾರೆ ನಾನೇ ಹಾಕಿದ್ದಾ ಅವನಿಗೆ ವಿಷ?” ಎಂದು ಕೇಳಿದರು. “ಇಲ್ಲ ಅಜ್ಜಾ” ಎಂದುಬಿಡುವುದು ಸುಲಭವಿತ್ತು. ಆದರೆ ಹಾಗೆಂದರೆ ಎರಕ ಬಚ್ಚಲಲ್ಲೇ ಉಳಿಯುತ್ತಿತ್ತು. “ಸೀಸ ಬಂದದ್ದು ನಿಮ್ಮ ಗುಂಡಿನಿಂದ, ಹೌದು. ಅದನ್ನು ನಿಲ್ಲಿಸಲು ಈ ಮನೆಯಲ್ಲಿ ಆಗುವುದೂ ನಿಮ್ಮಿಂದಲೇ. ನಿಮ್ಮ ರಕ್ತವನ್ನೂ ತೋರಿಸಬೇಕು” ಎಂದೆ. ಸೊಸೆಗೆ ಬೇರೆಯಾಗಿ ಹೇಳಿದ್ದು ಒಂದೇ: ಮಾವನಿಂದ ಮಗುವನ್ನು ದೂರ ಇಡಬೇಡಿ, ಗುಂಡನ್ನು ದೂರ ಇಡಿ. ಅಜ್ಜನ ಪಕ್ಕ ಕೂರುವುದು ಆ ಹುಡುಗನಿಗೆ ಮೀನಿನಷ್ಟೇ ಬೇಕಾದದ್ದು.

ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ 6 ಬಂತು. ಇನ್ನೂ ಇಳಿಯಬೇಕು, ಎಲುಬಿನಿಂದ ರಕ್ತಕ್ಕೆ ಬರುವುದಿದೆ, ಇನ್ನು ಮೂರು ತಿಂಗಳಿಗೆ ಮತ್ತೆ ನೋಡಬೇಕು. ತಾಯಿ ಈಗ ಮಲಗುತ್ತಾರಂತೆ. ಅಜ್ಜ ಗುಂಡು ಕೊಂಡು ತರುತ್ತಾರೆ, ಕಟ್ಟುವುದು ಹುಡುಗ ಬಾಲವಾಡಿಗೆ ಹೋದಾಗ. ಅವನು ಬಂದ ಮೇಲೆ ಬೇರೆ ಬಲೆಯ ಬೆಂಡು ಎಣಿಸುವ ಕೆಲಸ. ಆ ಪ್ಲಾಸ್ಟಿಕ್ ಬೆಂಡುಗಳನ್ನು ತೊಳೆದು, ಬುಟ್ಟಿಯಲ್ಲಿ ತುಂಬಿ ತಾಯಿಯೇ ಅವನ ಮುಂದೆ ಇಡುತ್ತಾರೆ.