ಒಂದೇ ಬೆಲೆ ಹೇಳಿದವರೆಲ್ಲ ತಪ್ಪಿತಸ್ಥರೇ?

ಈ ಸಲದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ. ವ್ಯಾಪಾರಸ್ಥರು ಒಳಗೊಳಗೇ ಮಾತಾಡಿಕೊಂಡು ಬೆಲೆ ಕಟ್ಟುವುದು, ದೊಡ್ಡ ಕಂಪನಿ ಚಿಕ್ಕವರ ಕೈ ಕಟ್ಟುವುದು. ಮೂವತ್ತು ವರ್ಷ ತೀರ್ಥಹಳ್ಳಿ ಕೋರ್ಟಿನಲ್ಲಿ ಪೋಡಿ, ಪಾಲು, ಬಗರ್‌ಹುಕುಂ ನೋಡಿದವಳು ನಾನು. ಇಂಥ ಪ್ರಶ್ನೆ ನನ್ನ ಮೇಜಿಗೆ ಬಂದದ್ದು ಕಡಿಮೆ. ಬೇರೆ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವತ್ತು ಇವಕ್ಕೇ ಉತ್ತರ ಬರೆಯುತ್ತೇನೆ.

ವಕೀಲರಮ್ಮನವರಿಗೆ ನಮಸ್ಕಾರ. ನಮ್ಮದು ಮೇಗರವಳ್ಳಿ ಕಡೆ ಎರಡೂವರೆ ಎಕರೆ ಅಡಿಕೆ ತೋಟ. ಕಳೆದ ಸುಗ್ಗಿ ಮುಗಿದ ಮೇಲೆ ಹನ್ನೊಂದು ಚೀಲ ರಾಶಿ ಇಡಿ ಮಾರಲು ಪೇಟೆಗೆ ಹೋದೆ. ಮೂರು ಅಂಗಡಿಯವರೂ ಒಂದೇ ದರ ಹೇಳಿದರು. ನಾನು ಮೊದಲ ಅಂಗಡಿಯಿಂದ ಮೂರನೆಯದಕ್ಕೆ ನಡೆದು ಹೋಗುವಷ್ಟರಲ್ಲಿ ದಲ್ಲಾಳಿಯ ಫೋನು ಅಲ್ಲಿಗೆ ಮುಟ್ಟಿತ್ತು. ಇದನ್ನು ಕೇಳುವ ಕಾನೂನು ಇಲ್ಲವೇ?
— ಹೆಸರು ಬೇಡ ಎಂದವರು, ತೀರ್ಥಹಳ್ಳಿ ತಾಲ್ಲೂಕು

ಇದೆ. 2002ರ ಸ್ಪರ್ಧಾ ಕಾಯ್ದೆ. ಒಂದೇ ವ್ಯಾಪಾರದಲ್ಲಿರುವವರು ಕೂಡಿ ಮಾರುವ ಬೆಲೆ ಕಟ್ಟುವುದು ಎಷ್ಟು ತಪ್ಪೋ, ಕೂಡಿ ಕೊಳ್ಳುವ ಬೆಲೆ ಕಟ್ಟುವುದೂ ಅಷ್ಟೇ ತಪ್ಪು ಎಂದು ಅದರ 3ನೇ ಕಲಂ ಹೇಳುತ್ತದೆ. ಈ ಎರಡನೆಯ ಮಾತು ನಮ್ಮ ಬೆಳೆಗಾರರಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಕಾನೂನು ಇರುವುದು ಗಿರಾಕಿಗೆ ಮಾತ್ರ, ಬೆಳೆದವನಿಗಲ್ಲ ಎಂದುಕೊಂಡಿದ್ದೇವೆ.

ಆದರೆ ಮೂವರೂ ಒಂದೇ ದರ ಹೇಳಿದ ಮಾತ್ರಕ್ಕೆ ತಪ್ಪಾಗುವುದಿಲ್ಲ. ಶಿವಮೊಗ್ಗ ಮಾರುಕಟ್ಟೆಯ ಆ ದಿನದ ಧಾರಣೆ ಮಧ್ಯಾಹ್ನದೊಳಗೆ ಎಲ್ಲರ ಮೊಬೈಲಿನಲ್ಲಿರುತ್ತದೆ. ಮೂವರೂ ಕೊನೆಗೆ ಮಾಲು ಕಳಿಸುವುದು ಉತ್ತರ ಭಾರತದ ಅಂಥದ್ದೇ ಖರೀದಿದಾರರಿಗೆ. ಮಾತಾಡಿಕೊಳ್ಳದೆಯೂ ಒಂದೇ ಅಂಕಿಗೆ ಬರಬಹುದು. ಗ್ಯಾಸ್ ಸಿಲಿಂಡರ್ ತಯಾರಿಸುವ ನಲವತ್ತಕ್ಕೂ ಹೆಚ್ಚು ಕಂಪನಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದ್ದು ಇದನ್ನೇ: ಕೊಳ್ಳುವವರು ಬೆರಳೆಣಿಕೆಯವರು, ಸರಕು ಒಂದೇ ಥರದ್ದು, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತು, ಅಂಥ ಕಡೆ ಬೆಲೆ ಸರಿಸಮ ಇರುವುದೊಂದೇ ಸಾಕ್ಷಿಯಾಗದು.

ಇದರ ಪಕ್ಕದಲ್ಲಿ ಇನ್ನೊಂದು ಪ್ರಕರಣ ಇಟ್ಟು ನೋಡಿ. ಭತ್ತ, ಗೋಧಿ ದಾಸ್ತಾನಿಗೆ ಹುಳು ಹಿಡಿಯದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ನಿಮಗೆ ಗೊತ್ತಿರುತ್ತದೆ. 2009ರಲ್ಲಿ ಭಾರತೀಯ ಆಹಾರ ನಿಗಮ ಅದಕ್ಕೆ ಟೆಂಡರ್ ಕರೆದಾಗ ಮೂರು ಕಂಪನಿಗಳು ಕಿಲೋಗೆ 388 ರೂಪಾಯಿ ಎಂದೇ ಬರೆದವು. ಕಾರ್ಖಾನೆ ಬೇರೆ, ಖರ್ಚು ಬೇರೆ, ದರ ಮಾತ್ರ ಒಂದೇ. ಹೀಗೇಕೆ ಎಂದು ಕೇಳಿದರೆ ನಂಬುವಂಥ ಉತ್ತರ ಅವರಲ್ಲಿರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಳಒಪ್ಪಂದ ಎಂದೇ ಒಪ್ಪಿತು.

ಹಾಗಾಗಿ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ದರದ ಮೇಲಲ್ಲ, ಆ ಫೋನಿನ ಮೇಲೆ. ದಲ್ಲಾಳಿ ತಾನು ಅಡಿಕೆ ಕೊಳ್ಳುವವನಲ್ಲ, ತನಗೂ ಇದಕ್ಕೂ ಸಂಬಂಧವಿಲ್ಲ ಎಂದು ಮೊದಲು ಜಾರಿಕೊಳ್ಳಬಹುದಿತ್ತು. 2023ರ ತಿದ್ದುಪಡಿ ಆ ದಾರಿ ಮುಚ್ಚಿದೆ. ಅದೇ ವ್ಯಾಪಾರದಲ್ಲಿ ಇಲ್ಲದಿದ್ದರೂ ಇಂಥ ಒಪ್ಪಂದ ನಡೆಯಲು ಜೊತೆಗೂಡಿದವನು ಈಗ ಅದರ ಪಾಲುದಾರನೇ.

ಮುಂದಿನ ಸಲ ಒಂದು ಪುಸ್ತಕ ಇಟ್ಟುಕೊಳ್ಳಿ. ದಿನ, ಹೊತ್ತು, ಅಂಗಡಿ, ಹೇಳಿದ ದರ, ಅವತ್ತಿನ ಮಾರುಕಟ್ಟೆ ಧಾರಣೆ ಎಲ್ಲವನ್ನೂ ಬರೆಯಿರಿ. ವಾಟ್ಸಾಪಿನಲ್ಲಿ ಬಂದದ್ದನ್ನು ಅಳಿಸಬೇಡಿ. ಬಿಯರ್ ಕಂಪನಿಗಳ ಪ್ರಕರಣದಲ್ಲಿ 2021ರಲ್ಲಿ ಸುಮಾರು 873 ಕೋಟಿ ದಂಡ ಬಿತ್ತಲ್ಲ, ಅಲ್ಲಿ ಸಿಕ್ಕಿಸಿದ್ದು ಅವರವರೇ ಬರೆದುಕೊಂಡ ಸಂದೇಶಗಳು. ಒಂದು ಕಂಪನಿ ತಾನಾಗಿ ಮುಂದೆ ಬಂದು ಎಲ್ಲ ಹೇಳಿ ತನ್ನ ದಂಡ ಪೂರ್ತಿ ಮನ್ನಾ ಮಾಡಿಸಿಕೊಂಡಿತು.

ದೆಹಲಿಯ ಭಾರತೀಯ ಸ್ಪರ್ಧಾ ಆಯೋಗಕ್ಕೆ ಯಾರು ಬೇಕಾದರೂ ಮಾಹಿತಿ ಕೊಡಬಹುದು. ನಷ್ಟ ನಿಮಗೇ ಆಗಿರಬೇಕು ಎಂದಿಲ್ಲ. ಓಲಾ, ಊಬರ್ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಒಬ್ಬ ವ್ಯಕ್ತಿ ಕೊಟ್ಟರೆ ಶುಲ್ಕ 5,000 ರೂಪಾಯಿ. ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಳ್ಳಬಹುದು. ವಿಷಯ ನಡೆದು ಮೂರು ವರ್ಷದೊಳಗೆ ಕೊಡಬೇಕು. ‘ಮೂವರದ್ದೂ ಒಂದೇ ದರ’ ಎಂದಷ್ಟೇ ಬರೆದರೆ ಮೊದಲ ಹಂತದಲ್ಲೇ ಕಡತ ಮುಚ್ಚುತ್ತಾರೆ, ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದೇನೆ. ಐದಾರು ಬೆಳೆಗಾರರು ಇದೇ ರೀತಿ ಬರೆದಿಟ್ಟ ಪುಸ್ತಕಗಳು ಒಟ್ಟಿಗೆ ಹೋದರೆ ಮಾತೇ ಬೇರೆ.

ಇನ್ನೊಂದು ಕೇಳಬೇಕಿತ್ತು. ಆ ಅಂಗಡಿಗಳಲ್ಲಿ ಯಾವುದರಲ್ಲಾದರೂ ನಿಮ್ಮ ಮುಂಗಡ ಸಾಲ ಇದೆಯೇ? ನಮ್ಮ ಅಪ್ಪಯ್ಯನಿಗೆ ಮಂಡಿಯಲ್ಲಿ ಸಾಲವಿತ್ತು. ಅಕ್ಕನ ಮದುವೆಗೆ ತೆಗೆದದ್ದು. ಆಮೇಲೆ ಏಳು ಸುಗ್ಗಿ ಆ ಮಂಡಿ ಬಿಟ್ಟು ಬೇರೆಡೆ ಒಂದು ಚೀಲ ಇಳಿಸಲಾಗಲಿಲ್ಲ. ಪೇಟೆ ತುಂಬ ಅಂಗಡಿಗಳಿದ್ದವು, ಅಪ್ಪಯ್ಯನ ಪಾಲಿಗೆ ಒಂದೇ. ಆ ಕಟ್ಟನ್ನು ಸ್ಪರ್ಧಾ ಆಯೋಗ ಬಿಚ್ಚಿಕೊಡುವುದಿಲ್ಲ. ಸಾಲವನ್ನು ಸಹಕಾರ ಸಂಘಕ್ಕೆ ಬದಲಾಯಿಸಿಕೊಳ್ಳಲು ಆದರೆ ಮೊದಲು ಅದನ್ನು ಮಾಡಿ.

ಹಾಗಾದರೆ ಮ್ಯಾಮ್‌ಕೋಸ್, ಕ್ಯಾಂಪ್ಕೋ ಕೂಡ ಬೆಳೆಗಾರರೆಲ್ಲ ಸೇರಿ ಒಟ್ಟಾಗಿ ಮಾರುವ ವ್ಯವಸ್ಥೆಯೇ ಅಲ್ಲವೇ? ಅದು ತಪ್ಪಲ್ಲ, ಇದು ತಪ್ಪು ಎಂದರೆ ಹೇಗೆ?
— ವಾಣಿಜ್ಯಶಾಸ್ತ್ರದ ಮೇಷ್ಟ್ರು, ಸಾಗರ

ಮೇಷ್ಟ್ರೇ, ಈ ಪ್ರಶ್ನೆ ಅಮೆರಿಕದಲ್ಲಿ ನೂರು ವರ್ಷದ ಹಿಂದೆಯೇ ಎದ್ದಿತ್ತು. ಕೂಟ ಕಟ್ಟಿ ವ್ಯಾಪಾರ ತಡೆಯುವುದನ್ನು ನಿಷೇಧಿಸುವ ಅಲ್ಲಿನ 1890ರ ಶೆರ್ಮನ್ ಕಾಯ್ದೆಯಡಿ ರೈತರ ಸಂಘಗಳನ್ನೂ ಕೋರ್ಟಿಗೆಳೆದ ಮೇಲೆ 1922ರಲ್ಲಿ ಕ್ಯಾಪರ್-ವೋಲ್‌ಸ್ಟೆಡ್ ಎಂಬ ಕಾಯ್ದೆ ತಂದು ರೈತರು ಕೂಡಿ ಮಾರಲು ರಕ್ಷಣೆ ಕೊಟ್ಟರು. ನಮ್ಮ ಕಾಯ್ದೆಯಲ್ಲಿ ಸಹಕಾರ ಸಂಘಗಳಿಗೆ ಅಂಥ ಸಾರಾಸಗಟು ವಿನಾಯಿತಿ ಇಲ್ಲ. ನಡವಳಿಕೆ ನೋಡುತ್ತಾರೆ. ಸದಸ್ಯನ ಚೀಲವನ್ನು ಎಲ್ಲರೆದುರು ಟೆಂಡರಿಗೆ ಇಡುವುದು, ಬೇಡವಾದರೆ ಬೇರೆಡೆ ಮಾರಲು ಬಿಡುವುದು ಒಂದು. ಕೊಳ್ಳುವವರು ಬಾಗಿಲು ಹಾಕಿಕೊಂಡು ಕೂತು ಬೆಲೆ ಇಳಿಸುವುದು ಇನ್ನೊಂದು. ಎಪ್ಪತ್ತರ ದಶಕದ ಶುರುವಿನಲ್ಲಿ ಅಡಿಕೆ ಬೆಲೆ ಕುಸಿದು ಬೆಳೆಗಾರ ದಿಕ್ಕೆಟ್ಟಾಗ, 1973ರಲ್ಲಿ ಕ್ಯಾಂಪ್ಕೋ ಹುಟ್ಟಿತು. ಅದು ಬಂದ ಮೇಲೆ ಮಾರುಕಟ್ಟೆಯಲ್ಲಿ ಕೊಳ್ಳುವ ಕೈ ಒಂದು ಹೆಚ್ಚಾಯಿತು, ಕಡಿಮೆಯಾಗಲಿಲ್ಲ.

ಆದರೆ ಹೊರದೇಶದ ಅಡಿಕೆಗೆ ಕೇಂದ್ರ ಸರ್ಕಾರ 2023ರಲ್ಲಿ ಕಿಲೋಗೆ 351 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿತಲ್ಲ, ಅದು ಪೈಪೋಟಿಗೆ ಕಟ್ಟಿದ ಬೇಲಿಯೇ. ಅದು ವ್ಯಾಪಾರ ನೀತಿ, ಸ್ಪರ್ಧಾ ಕಾಯ್ದೆಗೆ ಬರುವುದಿಲ್ಲ. ನಮ್ಮ ಮನೆಯಲ್ಲೂ ಮೂರು ಎಕರೆ ತೋಟವಿದೆ, ಆ ಬೇಲಿ ನನಗೆ ಬೇಕು. ಬೇಕೆನ್ನುವಾಗ ಅದು ಬೇಲಿ ಎಂಬುದನ್ನು ಮರೆಯಬಾರದು ಎಂದಷ್ಟೇ ನನ್ನ ಅಭಿಪ್ರಾಯ.

ಅಕ್ಕಾ, ಆಗುಂಬೆ ಹತ್ತಿರ ಹಳೇ ಮನೆಯ ನಾಲ್ಕು ಕೋಣೆ ಹೋಂಸ್ಟೇ ಮಾಡಿದ್ದೇವೆ. ಆನ್‌ಲೈನ್ ಬುಕಿಂಗ್ ಕಂಪನಿಯೊಂದು ನೂರಕ್ಕೆ ಇಪ್ಪತ್ತೆರಡು ಕಮಿಷನ್ ಹಿಡಿಯುತ್ತದೆ. ತನ್ನಲ್ಲಿ ಹಾಕಿದ್ದಕ್ಕಿಂತ ಕಡಿಮೆ ಬಾಡಿಗೆಗೆ ನಾವು ಬೇರೆಲ್ಲೂ ಕೊಡಬಾರದಂತೆ. ನೇರ ಫೋನ್ ಮಾಡಿದ ಹಳೇ ಗಿರಾಕಿಗೂ ಕೊಡಬಾರದೇ?
— ಹೋಂಸ್ಟೇ ನಡೆಸುವ ತಂಗಿ

ಯಾವ ಕಂಪನಿ ಎಂದು ನೀನು ಬರೆದಿಲ್ಲ, ಬೇಡವೂ ಬೇಡ. ಮೊದಲು ಒಪ್ಪಂದದ ಕಾಗದ ತೆಗೆದು ಆ ಷರತ್ತನ್ನು ಅಕ್ಷರ ಅಕ್ಷರ ಓದಮ್ಮ. ‘ಬೇರೆ ಬುಕಿಂಗ್ ತಾಣಗಳಲ್ಲಿ ಕಡಿಮೆಗೆ ಕೊಡಬಾರದು’ ಎಂದಿದೆಯೋ, ‘ನೀವೇ ನೇರವಾಗಿಯೂ ಕೊಡಬಾರದು’ ಎಂದಿದೆಯೋ? ಎರಡೂ ಬೇರೆ ಬೇರೆ.

ಮೊದಲನೆಯದರ ಬಗ್ಗೆ ನಮ್ಮ ಆಯೋಗದ ತೀರ್ಪಿದೆ. 2022ರ ಅಕ್ಟೋಬರಿನಲ್ಲಿ ಮೇಕ್‌ಮೈಟ್ರಿಪ್-ಗೋಐಬಿಬೋಗೆ 223.48 ಕೋಟಿ, ಓಯೋಗೆ 168.88 ಕೋಟಿ ದಂಡ ಹಾಕಿತು. ಬೇರೆ ತಾಣಗಳ ವಿಷಯದಲ್ಲಿ ಹೋಟೆಲಿನವರ ಮೇಲೆ ಹೇರಿದ್ದ ಈ ಸಮಾನ ಬೆಲೆಯ ಷರತ್ತನ್ನು ತೆಗೆಯಲು ಮೇಕ್‌ಮೈಟ್ರಿಪ್‌ಗೆ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಇಲ್ಲಿ ಒಂದು ಸೂಕ್ಷ್ಮ ಗಮನಿಸು. ಮೇಕ್‌ಮೈಟ್ರಿಪ್ ಆ ಮಾರುಕಟ್ಟೆಯಲ್ಲಿ ಪ್ರಬಲ ಸ್ಥಾನದಲ್ಲಿದೆ ಎಂದು ಆಯೋಗ ಮೊದಲು ಕಂಡುಕೊಂಡಿತು. ದೊಡ್ಡದಾಗಿರುವುದು ನಮ್ಮ ಕಾನೂನಿನಲ್ಲಿ ತಪ್ಪಲ್ಲ, ಆ ಬಲವನ್ನು ಎದುರಿಗಿರುವವರನ್ನು ಅದುಮಲು ಬಳಸುವುದು ತಪ್ಪು. ಚಿಕ್ಕ ಕಂಪನಿ ಇದೇ ಷರತ್ತು ಹಾಕಿದರೆ ಅದರಿಂದ ಪೈಪೋಟಿಗೆ ಎಷ್ಟು ಧಕ್ಕೆ ಎಂದು ಲೆಕ್ಕ ಹಾಕಬೇಕಾಗುತ್ತದೆ.

ಎರಡನೆಯ ಥರದ್ದು, ಅಂದರೆ ನಿನ್ನ ಸ್ವಂತ ಫೋನಿಗೂ ಬೀಗ ಹಾಕುವುದು, ಜರ್ಮನಿಯಲ್ಲಿ ನಿಂತುಹೋಗಿದೆ. ಅಲ್ಲಿನ ಸ್ಪರ್ಧಾ ಕಚೇರಿ 2015ರಲ್ಲೇ ಬುಕಿಂಗ್ ಡಾಟ್ ಕಾಮ್‌ಗೆ ಅದನ್ನು ನಿಷೇಧಿಸಿತು, 2021ರಲ್ಲಿ ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ ಎತ್ತಿಹಿಡಿಯಿತು. ಜರ್ಮನಿಯ ತೀರ್ಪು ನಮ್ಮಲ್ಲಿ ಆಜ್ಞೆಯಲ್ಲ, ವಾದಕ್ಕೆ ಆಸರೆಯಾದೀತು. ಒಬ್ಬಳೇ ಪತ್ರ ಬರೆಯಬೇಡ. ನಿಮ್ಮ ಸುತ್ತಲಿನ ಹೋಂಸ್ಟೇಯವರ ಒಪ್ಪಂದಗಳನ್ನೂ ತರಿಸಿಕೋ, ಎಷ್ಟು ಜನಕ್ಕೆ ಇದೇ ಷರತ್ತು ಇದೆ ನೋಡೋಣ. ಅಲ್ಲಿಯವರೆಗೆ, ಬಾಡಿಗೆ ಅಷ್ಟೇ ಇಟ್ಟು, ನೇರ ಬಂದವರಿಗೆ ಕಡುಬು-ಚಟ್ನಿಯ ತಿಂಡಿ ಸೇರಿಸಿ ಕೊಡಲು ಒಪ್ಪಂದದಲ್ಲಿ ಅಡ್ಡಿ ಇದೆಯೇ ಎಂದೂ ಓದಿ ನೋಡು.

ಮೇಡಂ, ಅಮೆರಿಕದ ಕಂಪನಿಗೆ ದೆಹಲಿಯ ಆಯೋಗ ದಂಡ ಹಾಕುವುದು ಹೇಗೆ ಸಾಧ್ಯ? ಕ್ಲಾಸಿನಲ್ಲಿ ಹೇಳಿದ್ದು ಸರಿಯಾಗಿ ತಲೆಗೆ ಹೋಗಲಿಲ್ಲ.
— ಕಾನೂನು ವಿದ್ಯಾರ್ಥಿ, ಶಿವಮೊಗ್ಗ

ತಮ್ಮಾ, ಇದನ್ನು ಸೋಡಾ ಆ್ಯಶ್‌ನಿಂದ ಶುರುಮಾಡು. ಗಾಜಿಗೂ ಬಟ್ಟೆ ಒಗೆಯುವ ಪುಡಿಗೂ ಬೇಕಾದ ಸರಕು ಅದು. ಅಮೆರಿಕದ ಉತ್ಪಾದಕರು ರಫ್ತಿಗೆಂದೇ ಒಂದು ಕೂಟ ಕಟ್ಟಿಕೊಂಡು ಒಟ್ಟಾಗಿ ಮಾರುತ್ತಿದ್ದರು. ಆಗ ನಮ್ಮಲ್ಲಿದ್ದದ್ದು ಏಕಸ್ವಾಮ್ಯ ತಡೆಯುವ 1969ರ ಎಂಆರ್‌ಟಿಪಿ ಕಾಯ್ದೆ. ಅದರಡಿ ಇದ್ದ ಆಯೋಗ ಕೂಟಕ್ಕೆ ತಡೆ ಒಡ್ಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ, 2002ರಲ್ಲಿ, ಹೊರದೇಶದಲ್ಲಿ ಆದ ಒಪ್ಪಂದವನ್ನು ಮುಟ್ಟಿ ಆಮದು ತಡೆಯುವ ಅಧಿಕಾರ ಆ ಕಾಯ್ದೆಯಲ್ಲಿಲ್ಲ ಎಂದು ತೀರ್ಪಾಯಿತು.

ಈಗಿನ ಕಾಯ್ದೆಯ 32ನೇ ಕಲಂ ಓದುವಾಗ ಈ ಕತೆ ನೆನಪಿಟ್ಟುಕೋ. ಒಪ್ಪಂದ ಎಲ್ಲೇ ಆಗಲಿ, ಮಾಡಿದವರು ಎಲ್ಲೇ ಇರಲಿ, ಅದರ ಪೆಟ್ಟು ಭಾರತದ ಮಾರುಕಟ್ಟೆಗೆ ಬಿದ್ದರೆ ಆಯೋಗ ವಿಚಾರಿಸಬಹುದು. ಅದೇ ಬಲದಲ್ಲಿ, ಬೇಯರ್ ಎಂಬ ಜರ್ಮನ್ ಕಂಪನಿ ಮಾನ್ಸಾಂಟೊ ಎಂಬ ಅಮೆರಿಕದ ಬೀಜದ ಕಂಪನಿಯನ್ನು ಕೊಂಡಾಗಲೂ 2018ರಲ್ಲಿ ನಮ್ಮ ಆಯೋಗದ ಷರತ್ತುಬದ್ಧ ಒಪ್ಪಿಗೆ ಬೇಕಾಯಿತು. ಗೂಗಲ್‌ಗೆ ಆಂಡ್ರಾಯ್ಡ್ ವಿಷಯದಲ್ಲಿ 2022ರಲ್ಲಿ 1,337.76 ಕೋಟಿ ದಂಡ ಬಿತ್ತು. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ಆಯೋಗದ ಕೆಲವು ನಿರ್ದೇಶನಗಳನ್ನು ತೆಗೆದುಹಾಕಿದರೂ ದಂಡವನ್ನು ಉಳಿಸಿತು.

ದಂಡ ಎಷ್ಟು ಎಂಬುದರಲ್ಲೇ ನಿಜವಾದ ಜಗ್ಗಾಟ. ಮೇಲೆ ಹೇಳಿದ ಮಾತ್ರೆ ಪ್ರಕರಣದಲ್ಲಿ ದೊಡ್ಡ ಕಂಪನಿಯೊಂದಕ್ಕೆ ಆಯೋಗ ಹಾಕಿದ್ದು ಸುಮಾರು 252 ಕೋಟಿ. ಒಳಒಪ್ಪಂದ ನಡೆದದ್ದು ಆ ಮಾತ್ರೆಯಲ್ಲಿ, ಹಾಗಾಗಿ ಅದರ ವಹಿವಾಟಿನ ಮೇಲೆ ಮಾತ್ರ ದಂಡ ಎಂಬ ಲೆಕ್ಕ ಗೆದ್ದು, ಅದು 7 ಕೋಟಿಯ ಆಸುಪಾಸಿಗೆ ಇಳಿಯಿತು. 2023ರ ತಿದ್ದುಪಡಿಯಲ್ಲಿ ಸಂಸತ್ತು ಇದಕ್ಕೆ ಉತ್ತರ ಕೊಟ್ಟಿತು. ಲೆಕ್ಕ ಶುರುವಾಗುವುದು ಈಗಲೂ ಆ ಸರಕಿನ ವಹಿವಾಟಿನಿಂದಲೇ. ಆದರೆ ಮೇಲ್ಮಿತಿಯನ್ನು ಕಂಪನಿಯ ಇಡೀ ಜಗತ್ತಿನ ವಹಿವಾಟಿನ ಶೇ. 10ರವರೆಗೆ ಎತ್ತಬಹುದು. ಅನ್ಯಾಯ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹತ್ತಾರು ದೇಶದಲ್ಲಿ ದುಡಿಯುವವನಿಗೆ ಒಂದು ಊರಿನ ಲೆಕ್ಕದಲ್ಲಿ ದಂಡ ಹಾಕಿದರೆ ಅವನು ಅದನ್ನು ಖರ್ಚಿನ ಪಟ್ಟಿಗೆ ಸೇರಿಸಿಕೊಂಡು ಮುಂದೆ ಹೋಗುತ್ತಾನೆ.

ನನಗೆ ಬೇಸರ ಬೇರೆಯದರ ಬಗ್ಗೆ, ವಿಳಂಬದ ಬಗ್ಗೆ. ಸಿಮೆಂಟ್ ಕಂಪನಿಗಳಿಗೆ 2012ರಲ್ಲಿ 6,300 ಕೋಟಿಗೂ ಮೇಲ್ಪಟ್ಟ ದಂಡವಾಯಿತು. 2015ರಲ್ಲಿ ವಿಚಾರಣೆಯ ಕ್ರಮ ಸರಿಯಿಲ್ಲ ಎಂದು ಅದು ಬಿದ್ದುಹೋಯಿತು, 2016ರಲ್ಲಿ ಹೊಸ ಆದೇಶ, 2018ರಲ್ಲಿ ನ್ಯಾಯಮಂಡಳಿಯ ಒಪ್ಪಿಗೆ, ಆಮೇಲೆ ಸುಪ್ರೀಂ ಕೋರ್ಟು. ನಿನ್ನ ತಲೆಮಾರಿನ ವಕೀಲರು ಹಿಡಿಯಬೇಕಾದ ಕೆಲಸ ಇಲ್ಲಿದೆ.

ನಮ್ಮ ತಾಲ್ಲೂಕಿನ ಫೋಟೋ, ವಿಡಿಯೋದವರ ಸಂಘದಲ್ಲಿ ಮದುವೆಗೆ ಇಂತಿಷ್ಟೇ ಎಂದು ದರಪಟ್ಟಿ ಮಾಡಿ, ಕಡಿಮೆ ಮಾಡಿದವರಿಗೆ ದಂಡ ಎಂದು ನಿರ್ಣಯಿಸಿದ್ದೇವೆ. ನಾವು ಬಡವರು. ನಮಗೂ ಈ ಕಾನೂನು ಅನ್ವಯಿಸುತ್ತದೆಯೇ?
— ಸಂಘದ ಕಾರ್ಯದರ್ಶಿ, ಹೊಸನಗರ

ಅನ್ವಯಿಸುತ್ತದೆ ಸ್ವಾಮಿ. ಇದು ಕಂಪನಿಗಳಿಗೆ ಮಾತ್ರ ಎಂದು ಸಂಘಗಳಿಗೆ ವಿನಾಯಿತಿ ಇಲ್ಲ. ಡಬ್ಬಿಂಗ್ ತಡೆದ ವಿಷಯದಲ್ಲಿ ಕನ್ನಡ ಗ್ರಾಹಕರ ಕೂಟ ಕೊಟ್ಟ ದೂರಿನ ಮೇಲೆ 2015ರಲ್ಲಿ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೇ ದಂಡ ಹಾಕಿತ್ತು.

ಕ್ಯಾಮೆರಾ ಸಾಲ, ವರ್ಷಕ್ಕೆ ನಾಲ್ಕು ತಿಂಗಳ ಸೀಸನ್, ಹೊಸ ಹುಡುಗರು ಅರ್ಧ ಬೆಲೆಗೆ ಒಪ್ಪಿಕೊಳ್ಳುವುದು, ಎಲ್ಲ ನನಗೆ ಅರ್ಥವಾಗುತ್ತದೆ. ಆದರೆ ಮೇಗರವಳ್ಳಿಯ ಆ ತೋಟದವರು ಮಗಳ ಮದುವೆಗೆ ನಿಮ್ಮ ಊರಿಗೆ ಬಂದರೆ ಅವರು ಮೂರು ಸ್ಟುಡಿಯೋ ಹತ್ತಿ ಇಳಿದು ಕೇಳುವುದೂ ಒಂದೇ ದರವನ್ನೇ ಅಲ್ಲವೇ?

ಸಂಘ ಬೇಕು. ಒಟ್ಟಿಗೆ ವಿಮೆ ಮಾಡಿಸಿ, ಉಪಕರಣ ಒಟ್ಟಾಗಿ ಕೊಳ್ಳಿ, ತರಬೇತಿ ಇಡಿ, ಕೆಲಸ ಕೆಟ್ಟರೆ ಗಿರಾಕಿಗೆ ಉತ್ತರ ಹೇಳುವ ವ್ಯವಸ್ಥೆ ಮಾಡಿ. ದರಪಟ್ಟಿ ಮತ್ತು ದಂಡದ ನಿರ್ಣಯವನ್ನು ಮುಂದಿನ ಸಭೆಯಲ್ಲೇ ರದ್ದು ಮಾಡಿ. ಬಾಯಿಮಾತಲ್ಲಿ ಬೇಡ, ನಡಾವಳಿ ಪುಸ್ತಕದಲ್ಲಿ ತಾರೀಖು ಹಾಕಿ ಬರೆದು, ಬಂದವರೆಲ್ಲರ ಸಹಿ ತೆಗೆದುಕೊಳ್ಳಿ. ಈಗಾಗಲೇ ಯಾರಿಂದಾದರೂ ದಂಡ ವಸೂಲಿ ಮಾಡಿದ್ದರೆ ಅದನ್ನು ಹಿಂದಿರುಗಿಸಿ ರಸೀದಿ ಇಟ್ಟುಕೊಳ್ಳಿ.