ಉದ್ಯೋಗ ಪ್ರಶ್ನೋತ್ತರ: ‘ಈ ಪೆನ್ನನ್ನು ನನಗೆ ಮಾರಿ ನೋಡೋಣ’

ಮಾರಾಟ ವಿಭಾಗದ ಸಂದರ್ಶನಗಳಿಗೆ ಹೋಗಿ ಬಂದವರು ತಮ್ಮ ಅನುಭವವನ್ನು ಬರೆದು ಕಳುಹಿಸಬೇಕೆಂದು ಹಿಂದಿನ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಐದನ್ನು ಆರಿಸಿದ್ದೇವೆ. ದಿನಬಳಕೆಯ ವಸ್ತುಗಳ ಕಂಪೆನಿಯೊಂದರಲ್ಲಿ ಕರಾವಳಿಯ ಏರಿಯಾ ಮ್ಯಾನೇಜರ್ ಆಗಿದ್ದು ನಿವೃತ್ತರಾದ ನಮ್ಮ ಅಂಕಣಕಾರರು ಉತ್ತರಿಸಿದ್ದಾರೆ.

ಪ್ರಶ್ನೆ: ಬಿ.ಕಾಂ. ಮುಗಿಸಿ, ಬಿಸ್ಕತ್ತು ಮತ್ತು ಸಾಬೂನು ಮಾರುವ ಕಂಪೆನಿಯೊಂದರ ಸಂದರ್ಶನಕ್ಕೆ ಮಂಗಳೂರಿಗೆ ಹೋಗಿದ್ದೆ. ಪೆನ್ನು ಕೊಟ್ಟು ‘ಇದನ್ನು ನನಗೆ ಮಾರಿ’ ಎಂದರು. ಐದು ನಿಮಿಷ ಅದರ ಗುಣಗಾನ ಮಾಡಿದೆ. ಬಳಿಕ ‘ಮಲ್ಪೆಯಲ್ಲಿ ಜೂನ್ ತಿಂಗಳ ವ್ಯಾಪಾರ ಹೇಗಿರುತ್ತದೆ?’ ಎಂದು ಕೇಳಿದರು; ‘ಚೆನ್ನಾಗಿರುತ್ತದೆ ಸರ್’ ಎಂದೆ. ‘ತಿಳಿಸುತ್ತೇವೆ’ ಎಂದು ಕಳುಹಿಸಿದವರು ಇನ್ನೂ ತಿಳಿಸಿಲ್ಲ. ನಾನು ಎಡವಿದ್ದು ಎಲ್ಲಿ? – ಕಾರ್ಕಳದ ಓದುಗ

ಉತ್ತರ: ಪೆನ್ನಿನಲ್ಲಿ ಎಡವಿದ್ದು ಸ್ವಲ್ಪ, ಮಲ್ಪೆಯಲ್ಲಿ ಎಡವಿದ್ದೇ ಹೆಚ್ಚು. ಪೆನ್ನಿನ ಪ್ರಶ್ನೆ ಸವೆದು ಹೋದದ್ದು. ಬೇರೇನೂ ತೋಚದ ಸಂದರ್ಶಕರು ಅದನ್ನು ಕೇಳುತ್ತಾರೆಂಬುದು ನನ್ನ ಅಭಿಪ್ರಾಯ. ಆದರೂ ಕೇಳಿದಾಗ ಉತ್ತರಿಸಲೇಬೇಕಲ್ಲ? ಪೆನ್ನನ್ನು ಹೊಗಳುವ ಮೊದಲು ಎದುರಿಗಿರುವವರು ಅದನ್ನು ಸಹಿಗಷ್ಟೇ ಬಳಸುತ್ತಾರೋ ದಿನವಿಡೀ ಬರೆಯುತ್ತಾರೋ, ಈಗಿನ ಪೆನ್ನಿನಲ್ಲಿ ಅವರಿಗೆ ಯಾವ ತೊಂದರೆ ಇದೆ, ಕಚೇರಿಗೆ ಇಂಥವನ್ನೆಲ್ಲ ತರಿಸುವವರು ಯಾರು ಎಂದು ಕೇಳಿ ತಿಳಿಯಬೇಕಿತ್ತು. ನೀವು ಐದು ನಿಮಿಷ ಮಾತನಾಡಿದಿರಿ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮಲ್ಪೆಯ ಪ್ರಶ್ನೆ ಹಾಗಲ್ಲ, ಅದನ್ನು ಕೇಳಿದವರು ಕೆಲಸ ಬಲ್ಲವರು. ಜೂನ್ 1ರಿಂದ ಜುಲೈ 31ರ ವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೋಟುಗಳು ದಡ ಸೇರಿ, ಹೊರಗಿನಿಂದ ಬಂದ ಕಾರ್ಮಿಕರು ಊರಿಗೆ ಮರಳಿದ ಮೇಲೆ ಬಂದರಿನ ಸುತ್ತಲಿನ ಅಂಗಡಿಯವರು ಸರಕು ಇಳಿಸಿಕೊಳ್ಳಲು ಹಿಂಜರಿಯುತ್ತಾರೆ, ಇಳಿಸಿಕೊಂಡರೂ ಹಣಕ್ಕೆ ಹೆಚ್ಚು ದಿನದ ಗಡುವು ಕೇಳುತ್ತಾರೆ. ಅದರ ಬೆನ್ನಿಗೇ ಜುಲೈ ನಡುವಿನಿಂದ ಆಟಿ ತಿಂಗಳು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಚಿನ್ನ ಮತ್ತು ವಾಹನದ ಶೋರೂಂಗಳೂ ಆ ದಿನಗಳಲ್ಲಿ ಆಕಳಿಸುತ್ತಿರುತ್ತವೆ. ಮಣಿಪಾಲದ ಲೆಕ್ಕವೇ ಬೇರೆ. ಅಲ್ಲಿನ ಅಂಗಡಿಗಳ ಏರಿಳಿತ ಕಾಲೇಜುಗಳ ರಜೆಯನ್ನು ಅನುಸರಿಸುತ್ತದೆ. ಇಷ್ಟನ್ನು ಹೇಳಿದ್ದರೆ, ಈ ಹುಡುಗನಿಗೆ ಜೂನ್ ತಿಂಗಳ ಟಾರ್ಗೆಟ್ ಎಂದರೇನೆಂದು ಗೊತ್ತಿದೆ ಎಂದು ಅವರಿಗೆ ಮನವರಿಕೆಯಾಗುತ್ತಿತ್ತು.

ಮುಂದಿನ ಸಂದರ್ಶನದ ಹಿಂದಿನ ದಿನ ಆ ಕಂಪೆನಿಯ ಸರಕು ಇಟ್ಟಿರುವ ನಾಲ್ಕು ಅಂಗಡಿಗಳಿಗೆ ಹೋಗಿ. ಯಾವ ಪ್ಯಾಕೆಟ್ ಬೇಗ ಖಾಲಿಯಾಗುತ್ತದೆ, ಲೈನಿನವರು, ಅಂದರೆ ಗೊತ್ತುಪಡಿಸಿದ ದಾರಿಯ ಅಂಗಡಿಗಳನ್ನು ಸುತ್ತಿ ಆರ್ಡರ್ ತೆಗೆದುಕೊಳ್ಳುವವರು, ವಾರಕ್ಕೆ ಎಷ್ಟು ಸಲ ಬರುತ್ತಾರೆ, ಅವಧಿ ಮುಗಿದ ಮಾಲನ್ನು ಹಿಂದಕ್ಕೆ ಒಯ್ಯುತ್ತಾರೆಯೇ ಎಂದು ವಿಚಾರಿಸಿ. ನನ್ನನ್ನು ಮೊದಲ ಸಲ ಪರೀಕ್ಷಿಸಿದವರು ಸ್ಯಾಂಪಲ್ ಚೀಲ ಕೊಟ್ಟು ಬಂದರಿನ ರಖಂ ಅಂಗಡಿಗಳಿಗೆ ಅಟ್ಟಿದ್ದರು. ಒಬ್ಬ ಸಾಹುಕಾರರ ಬಳಿ ಮೂರು ಸಲ ಹೋದರೂ ಒಂದು ಪೆಟ್ಟಿಗೆಯ ಆರ್ಡರೂ ಸಿಗಲಿಲ್ಲ. ಆದರೆ ಯಾರ ಪೆಟ್ಟಿಗೆಗಳ ಮೇಲೆ ಧೂಳು ಕುಳಿತಿದೆ, ಯಾರವು ಬಾಗಿಲ ಬಳಿಯಲ್ಲಿವೆ ಎಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೆ. ಕೆಲಸ ಸಿಕ್ಕಿದ್ದು ಆ ಚೀಟಿಯಿಂದ.

ಪ್ರಶ್ನೆ: ಸಂಬಳ ವರ್ಷಕ್ಕೆ 3.6 ಲಕ್ಷ ಎಂದು ಹೇಳಿ ಆಯ್ಕೆ ಮಾಡಿದ್ದಾರೆ. ಕೈಗೆ ತಿಂಗಳಿಗೆ 30 ಸಾವಿರ ಬರುತ್ತದೆಯೇ ಎಂದು ಕೇಳಲು ಸಂಕೋಚವಾಯಿತು. ಕೇಳಬಹುದಿತ್ತೇ? – ಪುತ್ತೂರಿನ ಓದುಗ

ಉತ್ತರ: ಕೇಳಲೇಬೇಕಿತ್ತು. ನಾಳೆ ಅಂಗಡಿಯವರ ಮುಂದೆ ನಿಂತು ಬಾಕಿ ಹಣ ಕೇಳಬೇಕಾದವರು ತಮ್ಮ ಹಣದ ವಿಚಾರಕ್ಕೆ ನಾಚಿಕೊಂಡರೆ ಸಂದರ್ಶಕರಿಗೂ ಅನುಮಾನ ಹುಟ್ಟುತ್ತದೆ.

3.6 ಲಕ್ಷ ಎಂಬುದು ಕಂಪೆನಿಗೆ ನಿಮ್ಮಿಂದಾಗುವ ಒಟ್ಟು ವೆಚ್ಚ. ಒಂದು ಉದಾಹರಣೆ ನೋಡಿ. ತಿಂಗಳ 30,000 ರೂಪಾಯಿಯಲ್ಲಿ 6,000 ಇನ್ಸೆಂಟಿವ್ ಎಂದಿಟ್ಟುಕೊಳ್ಳಿ. ಟಾರ್ಗೆಟ್ ಮುಟ್ಟದಿದ್ದರೆ ಅದು ಇಲ್ಲ. ಮೂಲ ವೇತನ 15,000 ಆಗಿದ್ದರೆ ಭವಿಷ್ಯ ನಿಧಿಗೆ ಕಂಪೆನಿ ಕಟ್ಟುವ ಶೇ 12, ಅಂದರೆ 1,800, ಮತ್ತು ಗ್ರಾಚ್ಯುಟಿಗೆಂದು ಎತ್ತಿಡುವ ಶೇ 4.81, ಅಂದರೆ ಸುಮಾರು 720 ರೂಪಾಯಿಯೂ ಆ 30,000ದೊಳಗೇ ಸೇರಿರುತ್ತವೆ. ಉಳಿದ ಸುಮಾರು 21,480ರಲ್ಲಿ ನಿಮ್ಮ ಪಾಲಿನ ಭವಿಷ್ಯ ನಿಧಿ 1,800 ಕಳೆದರೆ ಕೈಗೆ ಬರುವುದು 19,700ರ ಆಸುಪಾಸು.

ಇದರಲ್ಲಿ ಪೆಟ್ರೋಲು ಸೇರಿದೆಯೇ ಎಂಬುದು ಮುಂದಿನ ಪ್ರಶ್ನೆ. ಪುತ್ತೂರು, ಸುಳ್ಯ, ಬೆಳ್ತಂಗಡಿ ಲೈನಿನಲ್ಲಿ ದಿನಕ್ಕೆ 80 ಕಿಲೋಮೀಟರು ಓಡಾಟ ಏನೂ ಹೆಚ್ಚಲ್ಲ. ಲೀಟರಿಗೆ 45 ಕಿಲೋಮೀಟರು ಕೊಡುವ ಬೈಕಿಗೆ, ಪೆಟ್ರೋಲು ಲೀಟರಿಗೆ ನೂರು ರೂಪಾಯಿಯೆಂದರೂ 25 ದಿನಕ್ಕೆ 4,400 ರೂಪಾಯಿಗೂ ಮಿಕ್ಕಿ ಖರ್ಚು. ಭತ್ಯೆಯನ್ನು ಕಿಲೋಮೀಟರಿನ ಲೆಕ್ಕದಲ್ಲಿ ಕೊಡುತ್ತಾರೋ ತಿಂಗಳಿಗೆ ಇಷ್ಟೆಂದು ನಿಗದಿಪಡಿಸುತ್ತಾರೋ, ಕಳೆದ ಆರು ತಿಂಗಳಲ್ಲಿ ಆ ಲೈನಿನಲ್ಲಿದ್ದವರು ಎಷ್ಟು ಸಲ ಟಾರ್ಗೆಟ್ ಮುಟ್ಟಿದ್ದಾರೆ, ಅವರು ಈಗ ಎಲ್ಲಿದ್ದಾರೆ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಸಂದರ್ಶಕರು ತಡವರಿಸಿದರೆ ಅದೇ ಉತ್ತರವೆಂದು ತಿಳಿಯಿರಿ.

ಪ್ರಶ್ನೆ: ‘ಸೇಲ್ಸ್ ಕೆಲಸವನ್ನೇ ಏಕೆ ಆರಿಸಿದಿರಿ?’ ಎಂದು ಕೇಳಿದಾಗ ಬೇರೆ ಕೆಲಸ ಸಿಗಲಿಲ್ಲವೆಂದು ನಿಜ ಹೇಳಿಬಿಟ್ಟೆ. ಮನೆಯಲ್ಲಿಯೂ ಮನೆಮನೆ ಸುತ್ತುವ ಕೆಲಸವೆಂದು ಮೂಗು ಮುರಿಯುತ್ತಾರೆ. – ಕಟಪಾಡಿಯ ಓದುಗ

ಉತ್ತರ: ಉಡುಪಿ ಜಿಲ್ಲೆಯವರು ಮನೆಮನೆ ಸುತ್ತುವ ಕೆಲಸಕ್ಕೆ ಮೂಗು ಮುರಿಯುವುದು ವಿಚಿತ್ರ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡು, 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಎರಡಾಣೆಯಂಥ ಸಣ್ಣ ಮೊತ್ತವನ್ನು ಏಜೆಂಟರ ಮೂಲಕ ದಿನವೂ ಮನೆಬಾಗಿಲಿನಲ್ಲಿ ಸಂಗ್ರಹಿಸಿಯೇ ಬೆಳೆಯಿತು. ಮನೆಯವರಿಗೆ ಇದನ್ನು ಹೇಳಿ. ಸಂದರ್ಶನದಲ್ಲಿ ಸುಳ್ಳು ಬೇಡ. ರಜೆಯಲ್ಲಿ ಅಂಗಡಿಯಲ್ಲಿ ಕುಳಿತದ್ದು, ಜಾತ್ರೆಯಲ್ಲಿ ಸ್ಟಾಲ್ ಹಾಕಿದ್ದು, ಯಕ್ಷಗಾನದ ಆಟಕ್ಕೆ ವಂತಿಗೆ ಎತ್ತಿದ್ದು ಏನಾದರೂ ಇದ್ದೇ ಇರುತ್ತದೆ, ಅದನ್ನು ಹೇಳಿ. ವಂತಿಗೆ ಎತ್ತಿದವರಿಗಿಂತ ಹೆಚ್ಚು ‘ಇಲ್ಲ’ ಕೇಳಿಸಿಕೊಂಡವರನ್ನು ನಾನು ಕಂಡಿಲ್ಲ.

ಪ್ರಶ್ನೆ: ಹತ್ತೇ ನಿಮಿಷದಲ್ಲಿ ಸಂದರ್ಶನ ಮುಗಿಸಿ ‘ಆಯ್ಕೆಯಾಗಿದ್ದೀರಿ, ಕಿಟ್ ಮತ್ತು ತರಬೇತಿಗೆ 3,500 ರೂಪಾಯಿ ಕಟ್ಟಿ, ಮೂಲ ಅಂಕಪಟ್ಟಿ ನಮ್ಮಲ್ಲಿರಲಿ’ ಎಂದರು. ನನ್ನ ಕೆಳಗೆ ಇನ್ನೂ ನಾಲ್ವರನ್ನು ಸೇರಿಸಬೇಕಂತೆ. ಮದುವೆ ಯಾವಾಗ ಎಂದೂ ಕೇಳಿದರು. – ಸುರತ್ಕಲ್‌ನ ಓದುಗಿ

ಉತ್ತರ: ಹಣ ಕಟ್ಟಬೇಡಿ, ಅಂಕಪಟ್ಟಿ ಕೊಡಬೇಡಿ. ಕೆಲಸ ಕೊಡುವವರು ಹಣ ಕೇಳಿದರೆ ಅಲ್ಲಿ ಗ್ರಾಹಕರು ನೀವೇ. ಸದಸ್ಯರನ್ನು ಸೇರಿಸಿದ್ದಕ್ಕೆ ಹಣ ಬರುವ ಚೈನ್ ವ್ಯವಹಾರವನ್ನು 1978ರ ಕಾಯ್ದೆಯೇ ನಿಷೇಧಿಸಿದೆ. 2021ರ ನೇರ ಮಾರಾಟ ನಿಯಮಗಳೂ ಪಿರಮಿಡ್ ಯೋಜನೆಗಳಿಗೆ ಅವಕಾಶ ಕೊಟ್ಟಿಲ್ಲ. ಈಗಾಗಲೇ ಆನ್‌ಲೈನಿನಲ್ಲಿ ಹಣ ಕಳುಹಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ.

ಮದುವೆಯ ಪ್ರಶ್ನೆ ಒಳ್ಳೆಯ ಕಂಪೆನಿಗಳಲ್ಲಿಯೂ ಕೇಳಿಬರುತ್ತದೆ ಎಂಬುದು ಬೇಸರದ ಸಂಗತಿ. ಹೆಣ್ಣೆಂಬ ಕಾರಣಕ್ಕೆ ನೇಮಕಾತಿಯಲ್ಲಿ ಭೇದ ಮಾಡಕೂಡದೆಂದು 1976ರ ಸಮಾನ ವೇತನ ಕಾಯ್ದೆ ಹೇಳಿತ್ತು, 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಸಂದರ್ಶನದ ಕೋಣೆಯಲ್ಲಿ ಕಾಯ್ದೆಯ ಹೆಸರೆತ್ತಿ ಜಗಳವಾಡುವ ಬದಲು ‘ಲೈನಿನ ಕೆಲಸಕ್ಕೆ, ಬೈಕು ಓಡಿಸುವುದಕ್ಕೆ ಸಿದ್ಧಳಿದ್ದೇನೆ; ಅದರ ಬಗ್ಗೆ ಕೇಳಿ’ ಎಂದು ಹೇಳಿದರೆ ಸಾಕು. ಆಮೇಲೂ ಅದನ್ನೇ ಕೆದಕಿದರೆ ಅಂಥವರ ಕೈಕೆಳಗೆ ದುಡಿಯುವ ಬಗ್ಗೆ ನೀವೇ ಯೋಚಿಸಬೇಕಾಗುತ್ತದೆ.

ಪ್ರಶ್ನೆ: ನಾನು ದಾವಣಗೆರೆಯವನು, ಈಗ ಉಡುಪಿಯಲ್ಲಿದ್ದೇನೆ. ತುಳು ಬರುವುದಿಲ್ಲವೆಂದ ಕೂಡಲೇ ಸಂದರ್ಶಕರ ಮುಖ ಸಪ್ಪಗಾಯಿತು. ತುಳು ಇಲ್ಲದೆ ಇಲ್ಲಿ ಕೆಲಸ ಸಿಗುವುದಿಲ್ಲವೇ?

ಉತ್ತರ: ಮಂಗಳೂರು, ಮೂಡುಬಿದಿರೆ, ಕಾಪು ಕಡೆಯ ಲೈನಿಗೆ ತುಳು ಇದ್ದರೆ ದಾರಿ ಸುಲಭ, ಅದನ್ನು ಅಲ್ಲಗಳೆಯುವಂತಿಲ್ಲ. ‘ಕಲಿಯುತ್ತೇನೆ’ ಎಂದಷ್ಟೇ ಹೇಳಿದರೆ ಯಾರೂ ನಂಬುವುದಿಲ್ಲ. ಆರ್ಡರ್ ತೆಗೆದುಕೊಳ್ಳಲು ಬೇಕಾಗುವ ಇಪ್ಪತ್ತು ಮೂವತ್ತು ಮಾತುಗಳನ್ನು ಕಲಿತುಕೊಂಡು ಹೋಗಿ ಅಲ್ಲೇ ಆಡಿ ತೋರಿಸಿ, ತಪ್ಪಿದರೆ ಅವರೇ ತಿದ್ದುತ್ತಾರೆ. ಇನ್ನೊಂದು ದಾರಿಯೂ ಇದೆ. ಬ್ರಹ್ಮಾವರ ದಾಟಿ ಉತ್ತರಕ್ಕೆ ಹೋದಂತೆ ಅಂಗಡಿಯ ಮಾತು ಕುಂದಗನ್ನಡ. ನಿಮ್ಮ ಕನ್ನಡಕ್ಕೆ ಅವರು ನಗಬಹುದು, ಅವರ ಕನ್ನಡ ನಿಮಗೆ ಮೊದಲ ವಾರ ಅರ್ಥವಾಗದಿರಬಹುದು, ಆದರೆ ಆರ್ಡರ್ ಬರೆದುಕೊಳ್ಳಲು ಅಡ್ಡಿಯಾಗದು. ಕುಂದಾಪುರ–ಬೈಂದೂರು ಲೈನ್ ಖಾಲಿ ಇದೆಯೇ ಎಂದು ನೀವಾಗಿಯೇ ಕೇಳಿ. ಮಳೆಗಾಲದಲ್ಲಿ ಆ ಹೆದ್ದಾರಿಯಲ್ಲಿ ಬೈಕು ಓಡಿಸಲು ತಾವಾಗಿ ಮುಂದೆ ಬರುವವರು ಕಡಿಮೆ.